ಕಲಿಕೆಗೂ ಒಂದು ಪತ್ತು
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಪತ್ತು ಅಂದರೇನು ಅಂತ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಪತ್ತು ಈಗ ‘ಕ್ರೆಡಿಟ್’ ಎಂಬ ಹೆಸರಿನಿಂದ ಕಾಲೇಜಿನೊಳಗೂ ಬಂದೈತಿ. ಅದರ ಬಗ್ಗೆ ಎರಡು ಮಾತು ಹೇಳಬಯಸುತ್ತೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂದರೆ ಗಡಿ ಸೀಮೆ. ನಮ್ಮ ಮಕ್ಕಳು ಕೆಲವರು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜುಗಳಿಗೆ, ಕೆಲವರು ಮೀರಜ, ಸಾಂಗಲಿ, ಕೊಲ್ಹಾಪುರದ ಕಾಲೇಜುಗಳಿಗೆ ಹೋಗುತ್ತಾರೆ. ಗಡಿಯಾಚೆ ಒಂದು ವರ್ಷ ಓದಿದ ಹುಡುಗಿ ಮನೆಯವರ ಜಡ್ಡಿನಿಂದ ಊರಿಗೆ ಮರಳುತ್ತಾಳೆ ಅಂತ ತಿಳಿಯಿರಿ. ಮುಂದೆ ಇಲ್ಲೇ ಬಿ.ಕಾಂ. ಇಲ್ಲವೆ ಬಿ.ಬಿ.ಎ. ಮಾಡಬೇಕೆಂದರೆ, “ಆ ವರ್ಷ ನೀರಾಗ ಹೋತು, ಮತ್ತ ಮೊದಲಿಂದ ಕಲೀಬೇಕು” ಅಂತಾರ. ಬಡವರ ಮನೆಯಲ್ಲಿ ಒಂದು ವರ್ಷ ಹೋಯಿತೆಂದರೆ ಬರೀ ಫೀ ಹೋದಂತಲ್ಲ, ಬಹಳ ಸಲ ಓದೇ ನಿಂತುಹೋಗುತ್ತದೆ.

ಇದಕ್ಕಾಗಿಯೇ ಯು.ಜಿ.ಸಿ. 2021ರಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ನಿಯಮ ತಂದಿತು. ವಾರಕ್ಕೆ ಒಂದು ತಾಸಿನ ಪಾಠ ಒಂದು ಸೆಮಿಸ್ಟರ್ ನಡೆದು ಪಾಸಾದರೆ, ಸ್ಥೂಲವಾಗಿ ಒಂದು ಕ್ರೆಡಿಟ್. ಯು.ಜಿ.ಸಿ. ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಅವು ವಿದ್ಯಾರ್ಥಿಯ ಖಾತೆಯಲ್ಲಿ ಜಮಾ ಆಗುತ್ತವೆ. ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯಬಹುದು.

ಆದರೆ ನಮ್ಮ ಸಂಘದ ಹಾಗೆ ಇಲ್ಲಿಯೂ ಕಟ್ಟಳೆ ಇವೆ. ಸದಸ್ಯ ಬಾಯಲ್ಲಿ ಹೇಳಿದ ಅಂಕಿಯನ್ನು ಕಾರ್ಯದರ್ಶಿ ಖಾತೆ ವಹಿಯಲ್ಲಿ ಬರೆಯುವುದಿಲ್ಲ. ಹಾಗೆಯೇ ಕ್ರೆಡಿಟ್ ಜಮಾ ಮಾಡಬೇಕಾದವರು ವಿದ್ಯಾಸಂಸ್ಥೆಯವರು, ವಿದ್ಯಾರ್ಥಿಯಲ್ಲ. ಜಮಾ ಆದ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ಬಾಳುತ್ತದೆ. ಒಂದು ಪದವಿಗೆ ಬಳಸಿದ್ದು ಇನ್ನೊಂದಕ್ಕೆ ಬರುವುದಿಲ್ಲ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಅರ್ಧ, ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು.

ಜಮಾ ಐತಿ ಅಂದ ಮಾತ್ರಕ್ಕೆ ಎಲ್ಲವೂ ಸಲ್ಲುತ್ತದೆಂದು ತಿಳಿಯಬಾರದು. ಇತಿಹಾಸದ ಕ್ರೆಡಿಟ್ ಕೊಟ್ಟು ಅಕೌಂಟೆನ್ಸಿ ಬಿಡಿಸಿಕೊಳ್ಳಲು ಬಾರದು. ವಿಷಯ, ಪಠ್ಯಕ್ರಮ ಹೊಂದಬೇಕು. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದ್ದು, ಪಠ್ಯವೂ ಬದಲಾಗಿದೆ. ಅದೇ ವರ್ಷದಿಂದ ಬಿ.ಬಿ.ಎ. ಕೋರ್ಸು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿದೆ. ಕಾಲೇಜಿಗೆ ಆ ಮಾನ್ಯತೆ ಐತೋ ಇಲ್ಲೋ ಕೇಳಿರಿ.

ಆದ್ದರಿಂದ ಪಾಲಕರೇ, ಕಾಲೇಜು ಬಿಡುವಾಗ ಅಂಕಪಟ್ಟಿ, ಟಿ.ಸಿ., ಮೈಗ್ರೇಶನ್ ಸರ್ಟಿಫಿಕೇಟ್, ಓದಿದ ಪಠ್ಯಕ್ರಮದ ಪ್ರತಿ, ಇವಿಷ್ಟನ್ನು ಕೈಯಲ್ಲಿ ಹಿಡಿದೇ ಬರ್ರಿ. ಹೊಸ ಕಾಲೇಜಿಗೆ ಫೀ ತುಂಬುವ ಮೊದಲು, ಯಾವ ಯಾವ ವಿಷಯ ಸಲ್ಲುತ್ತದೆ, ಯಾವ ಸೆಮಿಸ್ಟರಿಗೆ ಪ್ರವೇಶ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. “ಆಗತೈತಿ ಬಿಡ್ರಿ” ಎಂಬ ಮಾತಿನ ಮೇಲೆ ನಾವು ಸಾಲ ಕೊಡುವುದಿಲ್ಲ. ಮಕ್ಕಳ ವರ್ಷವನ್ನಾದರೂ ಯಾಕ ಕೊಡಬೇಕು?

ವ್ಯಾಪಾರದ ಪದವಿ ನಮಗೇಕೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಕಬ್ಬು ಐತಿ, ಬೆಲ್ಲ ಐತಿ, ನಿಪ್ಪಾಣಿಯ ತಂಬಾಕು ಐತಿ. ಅಥಣಿ ಭಾಗದ ಕೈಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ಮಾಲು ನಮ್ಮದು, ದರ ಹೇಳುವವರು ಮಾತ್ರ ಬೇರೆಯವರು. ಲೆಕ್ಕ, ಕರ, ಮಾರುಕಟ್ಟೆ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಈ ಮಾತು ಬದಲಾದೀತು.

ಸಂಘಕ್ಕೆ ನಮ್ಮದೊಂದು ವಿನಂತಿ. ಕಾಲೇಜು ಪ್ರವೇಶದ ದಿನಗಳಲ್ಲಿ ವಾರಕ್ಕೊಂದು ಸಂಜೆ ಕಚೇರಿಯ ಬಾಗಿಲು ತೆರೆದಿಟ್ಟು, ಓದಿದ ಹುಡುಗರಿಂದ ಈ ಕಾಗದಪತ್ರ ನೋಡಿಸಿಕೊಡಬೇಕು. ಇದಕ್ಕೆ ದುಡ್ಡು ಬೇಕಾಗಿಲ್ಲ. ಇಪ್ಪತ್ತೈದು ವರ್ಷ ಬೆಳೆಗೆ ಪತ್ತು ಕೊಟ್ಟ ಸಂಘ ಇನ್ನು ಮಕ್ಕಳ ಓದಿಗೂ ಆಸರೆಯಾಗಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.