ಸಡಿಲಾದ ಕೀಲು

ಕನ್ನಡ ಪಂಡಿತನಿಗೂ ಮೋಟಾರಿಗೂ ಏನು ನಂಟು ಎಂದು ನೀವು ನಗಬಹುದು. ನಕ್ಕರೆ ತಪ್ಪೇನೂ ಇಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಂಧಿ-ಸಮಾಸಗಳನ್ನು ಹೇಳಿಕೊಟ್ಟ ನಾನು, ಸಂಧಿ ಎಂದರೆ ಕೀಲು ಎಂಬ ಮಾತನ್ನು ಮನಗಂಡದ್ದು ಗೋಕಾಕದ ಒಂದು ಗ್ಯಾರೇಜಿನಲ್ಲಿ, ಅದೂ ಕಾರಿನ ಕೆಳಗೆ ಅಂಗಾತ ಮಲಗಿ!

ಮೂಡಲಗಿಯಲ್ಲಿದ್ದ ನಮ್ಮಣ್ಣನದೊಂದು ಕಾಂಟೆಸ್ಸಾ ಕಾರು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಮಾದರಿಯನ್ನು ತಂದು ಹಿಂದುಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ತಯಾರಿಸಿದ ವಾಹನವದು. ಅಂಬಾಸಿಡರ್ ಕಾರೇ ದೊಡ್ಡದೆನಿಸಿದ್ದ ಆ ದಿನಗಳಲ್ಲಿ ಅದು ಸಿರಿವಂತರ ಸವಾರಿ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯವರು ಅದನ್ನು ಮಾರಗೊಡಲಿಲ್ಲ. ಆದರೆ ಅದರಲ್ಲಿ ಕೂಡ್ರುವಂತೆಯೂ ಇರಲಿಲ್ಲ.

ನಮ್ಮ ಕಡೆಯ ರಸ್ತೆಗಳ ಸಂಗತಿ ನಿಮಗೆ ಗೊತ್ತಿದ್ದದ್ದೇ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಡಾಂಬರು ಅಲೆಯಲೆಯಾಗಿ ಏಳುತ್ತದೆ. ಅದರ ಮೇಲೆ ಹಂಗಾಮಿನುದ್ದಕ್ಕೂ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳು. ಇಂಥ ದಾರಿಯಲ್ಲಿ ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ಒಮ್ಮೆ ಕಾಲುವೆಯ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಸರಿದು, ನಾವು ಬದುಕಿ ಬಂದದ್ದೇ ಪುಣ್ಯ. ಒಂದು ಊರಿನ ಗ್ಯಾರೇಜಿನವರು ಭಾರದ ಗಾಡಿಯ ಬಿರುಸು ಸ್ಪ್ರಿಂಗುಗಳನ್ನು ಹಾಕಿ, ಇನ್ನು ಗಟ್ಟಿಯಾಯಿತೆಂದರು. ಗಟ್ಟಿಯೇನೋ ಆಯಿತು, ತೂಗುತ್ತಿದ್ದದ್ದು ಜಿಗಿಯತೊಡಗಿತು. ಮೊದಲೇ ಬೆನ್ನುನೋವಿನ ಅತ್ತಿಗೆ ವಾರಗಟ್ಟಲೆ ಹಾಸಿಗೆ ಹಿಡಿದರು.

ಅವರ ತವರು ಹುಕ್ಕೇರಿ. ಅಲ್ಲಿ ತೊಂಬತ್ತು ದಾಟಿದ ತಾಯಿ. ಮಗ ಕಾರನ್ನು ಗುಜರಿಗೆ ಹಾಕುವ ಮಾತೆತ್ತಿದಾಗ ಅತ್ತಿಗೆ ನನಗೆ ಅಂದದ್ದು ಇಷ್ಟೇ: “ತಮ್ಮಾ, ನಿಮ್ಮಣ್ಣನ ಗಾಡ್ಯಾಗ ಒಂದ್ಸಲ ಅವ್ವನ ಕಡೆ ಹೋಗಿ ಬರ್ತೀನಿ. ಆಮ್ಯಾಲ ಬೇಕಾದ್ರ ಮಾರ್ರಿ.”

ಗೋಕಾಕದ ಮುದಿ ಮಿಸ್ತ್ರಿ ಕಾರಿನ ಮೂಲೆಯನ್ನು ಒತ್ತಿ ಬಿಟ್ಟರು. ಅದು ನಾಲ್ಕೈದು ಸಲ ತೂಗಿತು. “ಮಾಸ್ತರ್ರ, ಇದಕ್ಕ ಶಕ್ತಿ ಕಡಿಮಿ ಆಗಿಲ್ಲ, ಕೀಲು ಹೋಗ್ಯಾವ” ಎಂದರು.

ಅವರು ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ. ಸ್ಪ್ರಿಂಗು ಗುಂಡಿಯ ಹೊಡೆತವನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಮರಳಿ ಕೊಡುತ್ತದೆ. ಆ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಕಿರುರಂಧ್ರಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಕಾವಾಗಿ ಕಳೆದುಹೋಗುತ್ತದೆ. ಇನ್ನು ಚಕ್ರಗಳನ್ನು ಹಿಡಿದ ತೋಳುಗಳ ತುದಿಯಲ್ಲಿ ರಬ್ಬರಿನ ಬುಷ್‌ಗಳಿರುತ್ತವೆ. ಕಾವು, ಎಣ್ಣೆ, ವಯಸ್ಸುಗಳಿಂದ ಅವು ಪೆಡಸಾಗಿ ಬಿರಿಯುತ್ತವೆ. ಗಾಡಿ ನಿಂತಲ್ಲೇ ನಿಂತಿದ್ದರೂ ಬಿರಿಯುತ್ತವೆ. ಆಮೇಲೆ ಚಕ್ರ ತನ್ನ ನೆಲೆಯಲ್ಲಿ ನಿಲ್ಲದು, ಕಾರು ಚಾಲಕನ ಮಾತು ಕೇಳದು.

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ರಬ್ಬರು ಸವೆದದ್ದು ಲೋಪ. ಬಿರುಸು ಸ್ಪ್ರಿಂಗು ತಂದು ಸೇರಿಸಿದ್ದು ಬೇಡದ ಆಗಮ. ಬೇಕಾಗಿದ್ದದ್ದು ಆದೇಶ, ಹೋದದ್ದರ ಸ್ಥಾನದಲ್ಲಿ ಅದಕ್ಕೆ ತಕ್ಕದ್ದನ್ನೇ ಇಡುವುದು.

ಬಿಡಿಭಾಗಗಳಿಗಾಗಿ ಬೆಳಗಾವಿಯನ್ನೆಲ್ಲ ಅಲೆದೆ. ಸಿಗದ ಬುಷ್‌ಗಳನ್ನು ಹಳೆಯದರ ಅಳತೆಗೆ ಮಾಡಿಸಿದೆವು. ಮೊದಲಿನ ಅಳತೆಯ ಸ್ಪ್ರಿಂಗುಗಳು ಮರಳಿ ಬಂದವು. ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಜೋಡಿಯಾಗಿಯೇ ಬದಲಿಸಿದರು. ಬುಷ್‌ಗಳ ಬೋಲ್ಟುಗಳನ್ನು ಮಾತ್ರ ಕಾರು ಜಾಕಿನ ಮೇಲಿದ್ದಾಗ ಬಿಗಿಯಲಿಲ್ಲ. ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿದರು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. ಟೈರುಗಳ ಹಲ್ಲು ಚೆನ್ನಾಗಿದ್ದರೂ ಬದಿಯಲ್ಲಿ 2309 ಎಂದಿತ್ತು. ಎಂದರೆ 2009ರ 23ನೆಯ ವಾರದಲ್ಲಿ ಹುಟ್ಟಿದವು. ಅವೂ ಹೋದವು. ಕೀಲುಗಳೆಲ್ಲ ಬಿಗಿಯಾದ ಮೇಲೆ, ಕಟ್ಟಕಡೆಗೆ, ಚಕ್ರಗಳ ಅಲೈನ್‌ಮೆಂಟ್. ಸಡಿಲು ಕೀಲಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡಿಗೆ ದಂಡ.

ಗುಜರಿಯವನು ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಖರ್ಚಾಯಿತೆಂದು ಅಣ್ಣನ ಮಗ ಲೆಕ್ಕ ತೋರಿಸಿದ. ಲೆಕ್ಕ ಸರಿಯಾಗಿಯೇ ಇತ್ತು.

ಒಂದು ಸೋಮವಾರ ಮೂಡಲಗಿಯಿಂದ ಹೊರಟೆವು. ಕಾಲುವೆಯ ತಿರುವಿನಲ್ಲಿ ನಾನು ಉಸಿರು ಹಿಡಿದೆ. ಕಾರು ಗೆರೆ ಎಳೆದಂತೆ ತಿರುಗಿತು. ಗುಂಡಿಗಳು ಮಾಯವಾಗಿರಲಿಲ್ಲ, ಪ್ರತಿಯೊಂದೂ ಒಮ್ಮೆ ತನ್ನ ಗುರುತು ಹೇಳಿ ಸುಮ್ಮನಾಗುತ್ತಿತ್ತು. ಗೋಕಾಕ ದಾಟಿ ಘಟಪ್ರಭಾ ಬರುವಷ್ಟರಲ್ಲಿ ಹಿಂದೆ ಮಾತು ನಿಂತಿತು. ತಿರುಗಿ ನೋಡಿದರೆ ಅತ್ತಿಗೆ ನಿದ್ದೆಹೋಗಿದ್ದರು.

ನಿಮ್ಮ ಮನೆಯಲ್ಲೂ ಹಳೆಯ ಗಾಡಿಯಿದ್ದರೆ ನಾಳೆ ಬೆಳಗ್ಗೆ ಅದರ ನಾಲ್ಕು ಮೂಲೆಗಳನ್ನೂ ಒಮ್ಮೆ ಒತ್ತಿ ಬಿಡಿರಿ. ಒಮ್ಮೆ ಎದ್ದು ನೆಲೆಗೆ ನಿಂತರೆ ಸಂತೋಷ. ತೂಗುತ್ತಲೇ ಇದ್ದರೆ, ಹೊಸ ಬಲವನ್ನು ಹೇರುವ ಮುನ್ನ, ಹಳೆಯ ಕೀಲುಗಳನ್ನು ವಿಚಾರಿಸಿರಿ.