ನಿಘಂಟು ಹೇಳುವ ಡೇಟಾಬೇಸ್ ಪಾಠ



ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಹಿಡಿದು ನಿಂತಿದ್ದೀರಿ. ‘ಸಿಸ್ಟಮ್ ಸ್ಲೋ ಇದೆ, ಸ್ವಲ್ಪ ನಿಲ್ಲಿ’ ಎಂಬ ಉತ್ತರ ಬರುತ್ತದೆ. ಹಿಂದೆ ಸಾಲು ಬೆಳೆಯುತ್ತದೆ, ವಯಸ್ಸಾದವರು ಗೋಡೆಗೆ ಒರಗುತ್ತಾರೆ. ಆ ‘ಸ್ಲೋ’ಗೆ ಮದ್ದು ಹುಡುಕುವ ಕೆಲಸ ಮಾಡುವವರು ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲೂ ಇದ್ದಾರೆ. ಐರೋಲಿ, ಪೊವಾಯಿ ಕಡೆಯ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವ ಮಗ, ಮಗಳು, ಸೊಸೆ. ಇಂದಿನ ಮಾತು ಅವರಿಗಾಗಿ. ಅವರ ಕೆಲಸ ಏನೆಂದು ತಿಳಿಯಬೇಕೆನ್ನುವ ಹಿರಿಯರಿಗಾಗಿಯೂ ಹೌದು.

ಕನ್ನಡ ಓದಿದವರಿಗೆ ಡೇಟಾಬೇಸಿನ ಗೊಡವೆ ಯಾಕೆ ಎನ್ನಬೇಡಿ. ನಂಟು ಇರುವುದು ನಿಘಂಟಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಆದರೂ ‘ಮಳಲು’ ಎಂಬ ಪದ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಕಾರಣ, ಅಕಾರಾದಿ ಕ್ರಮ. ಡೇಟಾಬೇಸಿನಲ್ಲಿ ಅದೇ ಕೆಲಸ ಮಾಡುವುದು ಇಂಡೆಕ್ಸ್. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ‘ಬಿ-ಟ್ರೀ’ ಎಂಬ ವಿಧಾನವನ್ನು 1970ರಲ್ಲಿ ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಮುಂದಿಟ್ಟರು. ಕೋಟಿ ದಾಖಲೆಗಳಿದ್ದರೂ ಸಾಮಾನ್ಯವಾಗಿ ಇಂಡೆಕ್ಸಿನ ಮೂರು ನಾಲ್ಕು ಪುಟ ತೆರೆದರೆ ಬೇಕಾದ ಜಾಗ ಸಿಗುತ್ತದೆ. ಇಂಡೆಕ್ಸ್ ಇಲ್ಲವೆಂದರೆ ಒಂದನ್ನೂ ಬಿಡದೆ ಎಲ್ಲವನ್ನೂ ಓದಬೇಕು.

ಆದರೆ ಇಂಡೆಕ್ಸ್ ಇದ್ದರೆ ಸಾಲದು, ಕೇಳುವ ರೀತಿಯೂ ಸರಿಯಿರಬೇಕು. ‘ಗಾರ’ ಎಂದು ಕೊನೆಯಾಗುವ ಪದಗಳನ್ನು ಹುಡುಕಿ ನೋಡಿ: ಹೂಗಾರ, ಬಳೆಗಾರ, ಮಾಲೆಗಾರ. ಅಕಾರಾದಿ ಇಲ್ಲಿ ಕೈಕೊಡುತ್ತದೆ, ನಿಘಂಟನ್ನು ಪೂರ್ತಿ ತಿರುವಿಹಾಕಬೇಕು. ‘ಲೈಕ್’ ಬಳಸುವಾಗ ಶೇಕಡಾ ಚಿಹ್ನೆಯನ್ನು ಪದದ ಮೊದಲಿಗೇ ಇಟ್ಟರೆ ಡೇಟಾಬೇಸಿಗೂ ಇದೇ ಪಾಡು.

ಹಳೆಯ ಟೆಲಿಫೋನ್ ಡೈರೆಕ್ಟರಿ ನೆನಪಿದೆಯೇ? ಮೊದಲು ಅಡ್ಡಹೆಸರು, ಆಮೇಲೆ ಹೆಸರು. ‘ಶೆಟ್ಟಿ, ರಮೇಶ’ ಎಂದರೆ ಬೇಗ ಸಿಗುತ್ತಾರೆ; ಬರೀ ‘ರಮೇಶ’ ಎಂದರೆ ಇಡೀ ಪುಸ್ತಕ ನೋಡಬೇಕು. ಎರಡು ಕಾಲಮ್ಮುಗಳ ಮೇಲೆ ಇಂಡೆಕ್ಸ್ ಕಟ್ಟುವಾಗ ಯಾವುದು ಮೊದಲು ಎಂಬುದು ಇದಕ್ಕೇ ಮುಖ್ಯ.

ಇನ್ನು ತಾರೀಕು. 2024ರ ಬಿಲ್ಲುಗಳು ಬೇಕೆಂದು ಪ್ರತಿ ದಾಖಲೆಯ ತಾರೀಕಿನಿಂದ ವರ್ಷವನ್ನು ಬಿಡಿಸಿ ಹೋಲಿಸಲು ಹೇಳಿದರೆ, ತಾರೀಕಿನ ಇಂಡೆಕ್ಸ್ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ‘2024ರ ಜನವರಿ 1ರಿಂದ, 2025ರ ಜನವರಿ 1ರ ಒಳಗೆ’ ಎಂದು ಕೇಳಿ. ಉತ್ತರ ಅದೇ, ದಾರಿ ಹತ್ತಿರದ್ದು.

ನಿಮ್ಮ ಕ್ವೆರಿ ಯಾವ ದಾರಿ ಹಿಡಿದಿದೆ ಎಂದು ಊಹಿಸಬೇಕಾಗಿಲ್ಲ, ಯಂತ್ರವನ್ನೇ ಕೇಳಬಹುದು. ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಎಂದು ಸೇರಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಸೀಕ್ ಸ್ಕ್ಯಾನ್’ ಎಂದೋ, ಮೈಎಸ್‌ಕ್ಯೂಎಲ್‌ನಲ್ಲಿ ಟೈಪ್ ಎಂಬಲ್ಲಿ ‘ಆಲ್’ ಎಂದೋ ಕಂಡರೆ ಇಡೀ ಟೇಬಲ್ ಓದುತ್ತಿದೆ ಎಂದರ್ಥ. ಟೇಬಲ್ ಚಿಕ್ಕದಾದರೆ ಚಿಂತೆಯಿಲ್ಲ. ದೊಡ್ಡ ಟೇಬಲ್ಲಿನಲ್ಲಿ ಒಂದೇ ದಾಖಲೆಗಾಗಿ ಹಾಗೆ ಮಾಡುತ್ತಿದ್ದರೆ ರೋಗ ಸಿಕ್ಕಿತು.

ಹಾಗೆಂದು ಸಿಕ್ಕ ಸಿಕ್ಕ ಕಾಲಮ್ಮಿಗೆಲ್ಲ ಇಂಡೆಕ್ಸ್ ಹಾಕಬೇಡಿ. ಹೊಸ ದಾಖಲೆ ಬಂದಾಗಲೆಲ್ಲ ಆ ಎಲ್ಲ ಇಂಡೆಕ್ಸುಗಳಲ್ಲೂ ಬರೆಯಬೇಕಾಗುತ್ತದೆ. ಕೌಂಟರು ನಡೆಯುವ ಹೊತ್ತಿನಲ್ಲಿ ಕಟ್ಟಲು ಹೊರಡುವುದೂ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಇಂಡೆಕ್ಸ್ ಕಟ್ಟುವಾಗ ಆ ಟೇಬಲ್ಲಿಗೆ ಬರೆಯುವ ಕೆಲಸ ನಿಂತುಹೋಗುತ್ತದೆ. ತಪ್ಪಿಸಲು ‘ಕನ್‌ಕರೆಂಟ್ಲಿ’ ಎಂಬ ಪದ ಸೇರಿಸಬೇಕು. ಮೊದಲು ಪ್ರತ್ಯೇಕ ಯಂತ್ರದಲ್ಲಿ, ನಿಜವಾದಷ್ಟೇ ದಾಖಲೆಗಳನ್ನಿಟ್ಟು ಪರೀಕ್ಷಿಸಿ.

ಸಿಸ್ಟಮ್ ನಿಧಾನವಾದೊಡನೆ ದೊಡ್ಡ ಯಂತ್ರ ಕೊಳ್ಳೋಣ ಎನ್ನುವವರು ಹೆಚ್ಚು. ಕೊಳ್ಳುವ ಮೊದಲು ಇರುವ ಯಂತ್ರ ಹೇಗೆ ಹುಡುಕುತ್ತಿದೆ ಎಂದು ಒಮ್ಮೆ ಕೇಳಿ. ದುಡ್ಡು ಉಳಿಯುವುದು ಒಂದು ಮಾತು. ಗೋಡೆಗೆ ಒರಗಿ ನಿಂತವರ ಸಮಯ ಉಳಿಯುವುದು ಅದಕ್ಕಿಂತ ದೊಡ್ಡ ಮಾತು.