ಎದ್ದ ಮಗಳಿಗೆ ಊಟ
(ಫೆಬ್ರವರಿ 8, ಸಂತ ಜೋಸೆಫಿನ್ ಬಖೀತಾ ಹಬ್ಬದ ಪ್ರಬೋಧನೆ)



ಸಂತ ಬಖೀತಾ ಸುಡಾನಿನಲ್ಲಿ ಎಳವೆಯಲ್ಲೇ ಅಪಹರಣಕ್ಕೊಳಗಾಗಿ, ಹಲವು ಬಾರಿ ಮಾರಾಟವಾದವರು. 1889ರಲ್ಲಿ ವೆನಿಸ್ಸಿನ ನ್ಯಾಯಾಲಯ ಅವರನ್ನು ಸ್ವತಂತ್ರಳೆಂದು ಸಾರಿತು. ಆ ತೀರ್ಪಿಗೂ ಮೊದಲೇ ಅವರಿಗೆ ಆಸರೆಯಾಗಿದ್ದುದು ಕನೋಸಾ ಭಗಿನಿಯರ ಮನೆ.

ಇದು ದೂರದೇಶದ ಕಥೆ ಮಾತ್ರವಲ್ಲ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲೂ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಮುಂಬಯಿ, ಪುಣೆಯ ಪಾಲಾದದ್ದುಂಟು. 1982ರಲ್ಲೇ ಕಾಯಿದೆ ಆ ಪದ್ಧತಿಯನ್ನು ನಿಷೇಧಿಸಿತು. ಆದರೂ ಕೆಲಸದ ಆಸೆ ತೋರಿಸುವ ದಲ್ಲಾಳಿಗೆ ಬಡತನವೇ ಬಾಗಿಲು ತೆರೆಯುತ್ತದೆ.

ಶುಭಸಂದೇಶದ ಯಾಯೀರನ ಮಗಳಿಗೆ 12 ವರ್ಷ. ಯೇಸುಸ್ವಾಮಿ ಮೊದಲು ನಗುವವರನ್ನು ಹೊರಗೆ ಕಳುಹಿಸಿದರು. ಕೈಹಿಡಿದು ಅವಳನ್ನು ಎಬ್ಬಿಸಿದರು. ಸಂಗತಿಯನ್ನು ಯಾರಿಗೂ ತಿಳಿಸಬೇಡಿರೆಂದರು. ಊಟ ಕೊಡಲು ಹೇಳಿದರು. ಪಾರಾಗಿ ಬಂದ ಮಗಳಿಗೆ ಬೇಕಾದ ಮನೆಯೂ ಇಂಥದ್ದೇ. ಅಲ್ಲಿ ಆಡಿಕೊಳ್ಳುವವರಿಗೆ ಪ್ರವೇಶವಿಲ್ಲ. ಅವಳ ಹೆಸರು, ಭಾವಚಿತ್ರ ಹೊರಬೀಳುವುದಿಲ್ಲ. ಊಟ, ಔಷಧ, ಓದು, ಕಸುಬು ವರ್ಷಗಟ್ಟಲೆ ದೊರೆಯುತ್ತವೆ. ಮೈಸೂರಿನ ‘ಒಡನಾಡಿ’ ಸಂಸ್ಥೆ ಇಂಥ ಮಕ್ಕಳನ್ನು ಬಿಡಿಸಿ, ಸಾಕಿ, ಓದಿಸಿ ತೋರಿಸಿದೆ.

ಇದಕ್ಕೆ ಕರುಣೆಯೊಂದೇ ಸಾಲದು. 2015ರ ಬಾಲನ್ಯಾಯ ಕಾಯಿದೆಯಂತೆ ಮನೆ ನೋಂದಣಿಯಾಗಿರಬೇಕು. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಂಶಯ ಬಂದೊಡನೆ 1098ಕ್ಕೆ ಕರೆಮಾಡಿರಿ.

ಪ್ರಿಯರೇ, ಗೋಡೆಗಳನ್ನು ಹಣ ಕಟ್ಟೀತು. ಆದರೆ 18 ತುಂಬಿ ಅವಳು ಹೊರಬಂದ ದಿನ, ನಮ್ಮ ಓಣಿಯಲ್ಲಿ ಬಾಡಿಗೆಗೊಂದು ಕೋಣೆ, ನಮ್ಮ ಮಗ್ಗದಲ್ಲಿ ಕೆಲಸ, ನಮ್ಮ ಪಂಕ್ತಿಯಲ್ಲಿ ಒಂದು ಎಲೆ ಅವಳಿಗೆ ಸಿಗುವುದೇ? ನಗುವವರ ಗುಂಪನ್ನು ಬಿಟ್ಟು, ಊಟ ಬಡಿಸುವವರಾಗೋಣ. ಆಮೆನ್.